ಕೂಸಿನ ಮುಖಗಳು ತುಂಬಿದ ಕಂಪ್ಯೂಟರ್

ಆ ಕಂಪ್ಯೂಟರನ್ನು ನೆನೆಸಿಕೊಂಡರೆ ನನಗೆ ಈಗಲೂ ಮಧ್ಯಾಹ್ನದ ಮಂಪರು ಬರುತ್ತದೆ. ಹುಣಸೂರಿನಲ್ಲಿ ನಾವಿದ್ದ ಮನೆಯ ಮುಂಗೋಣೆಯೇ ನನ್ನ ಅಂಗಡಿ. ಮದುವೆ, ಗೃಹಪ್ರವೇಶ, ತಿಥಿಯ ಕಾರ್ಡುಗಳನ್ನು ಟೈಪ್ ಮಾಡಿ ಪ್ರೆಸ್ಸಿಗೆ ಕೊಡುವುದು ನನ್ನ ಕೆಲಸ. ಊಟದ ಹೊತ್ತು ಕಳೆದ ಮೇಲೆ ಬೀದಿ ಸದ್ದಿಲ್ಲದೆ ಮಲಗುತ್ತಿತ್ತು. ಹೊಗೆಸೊಪ್ಪಿನ ಮೂಟೆ ಹೇರಿಕೊಂಡ ಲಾರಿಯೊಂದು ಹೋದರೆ, ಲಾರಿ ಮರೆಯಾದ ಮೇಲೂ ಅದರ ವಾಸನೆ ಕಿಟಕಿಯ ಸರಳು ಹಿಡಿದು ನಿಂತಿರುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಅವ್ವ ಎಲೆಅಡಿಕೆ ಚೀಲ ಹಿಡಿದು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು.

“ಕೂಸ ತಗಿಯಮ್ಮಿ.”

ಕೂಸು ಅಣ್ಣನ ಮಗಳು. ಅಣ್ಣ ಗಲ್ಫಿನಲ್ಲಿ ಗಾಡಿ ಓಡಿಸುತ್ತಿದ್ದ. ಅತ್ತಿಗೆ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಕಡೆಯವಳು, ಗಲ್ಫಿನಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸು. ರಜೆ ಸಿಗದೆ ಹೆರಿಗೆಯೂ ಅಲ್ಲೇ ಆಯಿತು. ಮೊದಲ ಮೊಮ್ಮಗಳನ್ನು ಎತ್ತಿಕೊಳ್ಳಲಾಗದ ಅವ್ವನಿಗೆ ಅಣ್ಣ ಕಂಪ್ಯೂಟರಿಗೆ ಫೋಟೊ ಕಳಿಸುತ್ತಿದ್ದ. ಕೂಸು ಆಕಳಿಸಿದ್ದು, ಮುಷ್ಟಿ ಬಿಗಿಹಿಡಿದು ಮಲಗಿದ್ದು, ಸ್ನಾನವಾದ ಮೇಲೆ ಕೆಂಪಗೆ ಅತ್ತಿದ್ದು. ಫೋಟೊಗಳನ್ನು ಅವನು ಹಾಕುತ್ತಿದ್ದ ಪುಟವಂತೂ ಸಂತೆಯ ಬೀದಿ. ಮೇಲಿನಿಂದ ನಕ್ಷತ್ರ ಉದುರುತ್ತಿದ್ದವು, ಪಕ್ಕದಲ್ಲಿ ಜಾಹೀರಾತುಗಳು ಕುಣಿಯುತ್ತಿದ್ದವು, ಎಲ್ಲದರ ನಡುವೆ ನಮ್ಮ ಕೂಸು ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು.

ಮೊದಲ ದಿನ ನೋಡಿಯಾದ ಮೇಲೆ ನಾನು ಮೂಲೆಯ ಇಂಟು ಗುರುತನ್ನು ಒತ್ತಿದೆ. ಮುಖ ರಪ್ಪನೆ ಮಾಯವಾಯಿತು. ಅವ್ವ ಹಾವು ತುಳಿದವಳ ಹಾಗೆ ಎದ್ದು ನಿಂತಳು.

“ಏನ್ಮಾಡ್ದೆ ನೀನು? ಎಸ್ರಿಡದ ಕೂಸಿನ ಮಖವ ಅಂಗೆ ಅಳಿಸ್ಬಾರ್ದು ಕಣಮ್ಮಿ. ತಗಿ, ವಾಪಸ್ ತಗಿ.”

ಅಳಿಸಿದ್ದಲ್ಲ, ಬೇಕಾದಾಗ ಮತ್ತೆ ಬರುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಆ ಪುಟವನ್ನು ಕೆಳಗಿನ ಪಟ್ಟಿಗೆ ಇಳಿಸಿ ತೋರಿಸಿದೆ. ಮುಖ ಸಣ್ಣದಾಗುತ್ತಾ ಕೆಳಕ್ಕೆ ಜಾರಿತು. ಅದು ಅವಳಿಗೆ ಒಪ್ಪಿಗೆಯಾಯಿತು. ತೋಳಿನಿಂದ ಇಳಿಸಿ ಚಾಪೆಯ ಮೇಲೆ ಬಿಟ್ಟ ಹಾಗಾಯಿತು ಬುಡು, ಅಂದಳು.

ಅಲ್ಲಿಂದ ಶುರುವಾಯಿತು ನನ್ನ ಪಾಡು. ದಿನವೂ ಹೊಸ ಫೋಟೊ, ಹೊಸ ಪುಟ. ಬೀದಿಯ ಹೆಂಗಸರು ಕೂಸು ನೋಡಲು ಬಂದರೆ ಮತ್ತೊಂದು. ಒಂದನ್ನೂ ತೆಗೆಯುವ ಹಾಗಿಲ್ಲ, ಎಲ್ಲವೂ ಚಾಪೆಯ ಮೇಲೆ. ಕೆಳಗೆ ಇಳಿಸಿದರೇನಂತೆ, ಆ ಪುಟಗಳು ಕಣ್ಣಿಗೆ ಕಾಣದೆ ಇದ್ದರೂ ಒಳಗೊಳಗೇ ನಕ್ಷತ್ರ ಉದುರಿಸುತ್ತಾ, ಜಾಹೀರಾತು ಕುಣಿಸುತ್ತಾ ಇರುತ್ತಿದ್ದವು. ಪ್ರಾಸೆಸರಿಗೆ ಬಿಡುವೆಂಬುದೇ ಇಲ್ಲ. ಅದು ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಹಸಿರು ಗೆರೆ ಮೇಲಿನ ಅಂಚಿಗೆ ಹೋಗಿ ಅಂಟಿಕೊಂಡು ಬಿಟ್ಟಿತ್ತು. ಡಬ್ಬಿಯ ಒಳಗಿನ ಫ್ಯಾನು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಉರಿ ಹಿಡಿದಾಗ ಕೇಳುವ ಹಾಗೆ ಭೋರ್ ಎನ್ನುತ್ತಿತ್ತು. ಪಿರಿಯಾಪಟ್ಟಣದ ಹಾರನಹಳ್ಳಿ ಕಡೆ ಅಪ್ಪನ ಬ್ಯಾರನ್ ಪಕ್ಕ ಮಲಗಿ ಬೆಳೆದವಳು ನಾನು. ಆ ಸದ್ದಿಗೆ ಸಿಟ್ಟು ಬರಬೇಕಾದಾಗಲೂ ಮೊದಲು ನಿದ್ದೆಯೇ ಬರುತ್ತಿತ್ತು.

ವರನ ಹೆಸರು ಟೈಪ್ ಮಾಡಿ ಒಳಗೆ ಹೋಗಿ ಕಾಫಿ ಕುಡಿದು ಬಂದರೆ, ಆಗ ಒಂದೊಂದೇ ಅಕ್ಷರ ಎದ್ದು ಬರುತ್ತಿತ್ತು. ವಧುವಿನ ಹೆಸರಿಗೆ ಇನ್ನೊಂದು ಕಾಫಿ. ಕಾರ್ಡು ಕೇಳಲು ಕೆ.ಆರ್. ನಗರದಿಂದ ಬಂದಿದ್ದ ಒಬ್ಬರು ಬಾಗಿಲಲ್ಲೇ ನಿಂತು, “ಅಲ್ಲ ಕಣವ್ವ, ಮದ್ವೆ ಆಗಿ ನಾಮಕರಣಕ್ಕೆ ಕೊಡ್ತೀಯಾ ಎಂಗೆ?” ಎಂದು ಕೇಳಿದರು. ನನಗೆ ಉರಿದು ಹೋಯಿತು.

“ನಿನ್ ಮೊಮ್ಮಗಳು ನನ್ ಅನ್ನ ಕಿತ್ಕತಾವ್ಳೆ ಕಣವ್ವ,” ಎಂದು ಅವತ್ತು ಅವ್ವನ ಮೇಲೆ ರೇಗಿದೆ.

“ಕಿತ್ಕಳ್ಳಿ ಬುಡು. ಅತ್ತೆ ಅನ್ನ ತಾನೆ,” ಅಂದಳು ಅವ್ವ, ಪರದೆಯಿಂದ ಕಣ್ಣು ತೆಗೆಯದೆ.

ಒಮ್ಮೊಮ್ಮೆ ಕರೆಂಟ್ ಹೋಗಿ ಎಲ್ಲವೂ ಒಟ್ಟಿಗೆ ಆರುತ್ತಿತ್ತು. ಸದ್ಯ ಪೀಡೆ ಕಳೆಯಿತು ಎಂದು ನಾನು ಒಳಗೇ ಹಿಗ್ಗುತ್ತಿದ್ದೆ. ಆದರೆ ಕರೆಂಟ್ ಬಂದ ಮೇಲೆ ಬ್ರೌಸರ್ ಬಲು ವಿನಯದಿಂದ, ಹಳೆಯ ಪುಟಗಳನ್ನೆಲ್ಲ ಮತ್ತೆ ತೆರೆಯಲೇ ಎಂದು ಕೇಳುತ್ತಿತ್ತು. ಅದು ಏನು ಕೇಳುತ್ತಿದೆ ಎಂದು ಅವ್ವನಿಗೆ ಓದಿ ಹೇಳಿದ್ದು ನನ್ನ ದಡ್ಡತನ. “ನೋಡು, ಅದಕ್ಕಿರೋ ಬುದ್ಧಿ ನಿಂಗಿಲ್ಲ. ಊ ಅನ್ನು,” ಎನ್ನುತ್ತಿದ್ದಳು. ಹೂಂ ಎನ್ನುತ್ತಿದ್ದೆ. ಕೂಸುಗಳೆಲ್ಲ ಸಾಲಾಗಿ ಬಂದು ಮತ್ತೆ ಮಲಗುತ್ತಿದ್ದವು.

ಅವ್ವ ಇಲ್ಲದಾಗ ಎಲ್ಲವನ್ನೂ ತೆಗೆದು ಹಾಕಬಹುದಿತ್ತು. ಇಂಟು ಗುರುತಿನವರೆಗೆ ಬಾಣವನ್ನು ಒಯ್ದು ಬೆರಳು ಹಿಂದಕ್ಕೆ ತೆಗೆದಿದ್ದೇನೆ. ಅಣ್ಣನಿಗೂ ನನಗೂ ನಡುವೆ ಅವ್ವನಿಗೆ ಒಂದು ಹೆಣ್ಣುಕೂಸು ಹುಟ್ಟಿತ್ತು. ತೊಟ್ಟಿಲು ಕಟ್ಟುವ ದಿನ ಬರುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಹೆಸರಿಡದ ಆ ಮುಖದ ಮೇಲೆ ಅವ್ವನೇ ತನ್ನ ಸೀರೆಯ ಸೆರಗು ಎಳೆದಳಂತೆ. ಅವಳು ಅದರ ಬಗ್ಗೆ ಮಾತಾಡಿದ್ದು ಕಡಿಮೆ. ಕರೆಯಲು ಒಂದು ಹೆಸರಿದ್ದರೆ ತಾನೇ ಮಾತಾಡುವುದು. ಈಗ ಮೊಮ್ಮಗಳಿಗೆ ಹೆಸರು ಬೀಳುವ ತನಕ ಅವಳ ಜೀವ ಬಾಯಿಗೆ ಬಂದಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಯಂತ್ರ ಬೇಕಾದರೆ ಬೆಂದು ಹೋಗಲಿ ಎಂದು ಸುಮ್ಮನಿದ್ದೆ.

ನಾಮಕರಣದ ದಿನ ಬೆಳಗ್ಗೆ ಅವ್ವ ಅಟ್ಟದಿಂದ ನಮ್ಮ ಹಳೆಯ ತೊಟ್ಟಿಲು ಇಳಿಸಿ ಮುಂಗೋಣೆಯ ಕೊಂಡಿಗೆ ಕಟ್ಟಿಸಿದಳು. ನಮ್ಮ ಕಡೆ ಬರಿದೊಟ್ಟಿಲು ತೂಗುವುದಿಲ್ಲ. ಕೂಸಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ ಮಲಗಿಸುತ್ತಾರೆ. ಅವ್ವ ಕಲ್ಲಿಗೆ ಕುಲಾವಿ ಕಟ್ಟಿ ಗಲ್ಲ ಸವರಿದ್ದನ್ನು ನೋಡಿ ಬೀದಿಯ ಹೆಂಗಸರು ನಕ್ಕರು. ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕಾದವಳು ಸೋದರತ್ತೆ, ಎಂದರೆ ನಾನು. ಅಲ್ಲಿ ಅಣ್ಣ ಕೂಸಿನ ಕಿವಿಯ ಹತ್ತಿರ ಸ್ಪೀಕರ್ ಹಿಡಿಯುವುದು, ಇಲ್ಲಿ ನಾನು ಮೈಕಿನಲ್ಲಿ ಮೂರು ಸಲ ಹೇಳುವುದು ಎಂದು ಮಾತಾಗಿತ್ತು.

ವಿಡಿಯೋ ಹತ್ತಿತು. ಅಣ್ಣ, ಅತ್ತಿಗೆ, ಅವಳ ಜೊತೆ ಕೆಲಸ ಮಾಡುವ ವಯನಾಡಿನ ನರ್ಸಮ್ಮ, ಮೂವರೂ ನೀರೊಳಗಿನಿಂದ ನೋಡುವವರಂತೆ ಕಂಡು, ಹಾಗೇ ನಿಂತುಬಿಟ್ಟರು. ಅಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಫ್ಯಾನು ಭೋರ್ ಎಂದು ಏರಿತು. ನಾನು ಮೈಕಿಗೆ ಬಾಯಿಟ್ಟು ಹೆಸರು ಹೇಳಿದೆ. ಕೇಳಿಸಲಿಲ್ಲವೆಂದರು. ಗಟ್ಟಿಯಾಗಿ ಹೇಳಿದೆ. ಕೊನೆಗೆ ಕೂಗಿಯೇ ಬಿಟ್ಟೆ. ಕೂಸಿನ ಕಿವಿಗಿಂತ ಮೊದಲು ಹುಣಸೂರಿನ ಅರ್ಧ ಬೀದಿಗೆ ಹೆಸರು ಗೊತ್ತಾಯಿತು. ಅಲ್ಲಿ ಕೂಸು ಬೆಚ್ಚಿಬಿದ್ದು ಚಿಟಾರನೆ ಚೀರಿತು.

“ಅಮ್ಮೀ, ಬರೀ ಗರಗರ ಕಣೆ,” ಅಣ್ಣನ ದನಿ ತುಂಡುತುಂಡಾಗಿ ಬಂತು. “ಒಳ್ಳೆ ಗಳಿಗೆ ಮುಗೀತಾ ಬತ್ತಾ ಅದೆ. ಈ ನರ್ಸಮ್ಮನ ಕೈಲೇ ಎಸ್ರು ಏಳಿಸ್ಬುಡ್ಲಾ?”

ಅವ್ವನ ಮುಖ ಕಪ್ಪಿಟ್ಟಿತು. ಯಾರೋ ಆಗಲಿ, ಹೇಳಲಿ, ಕೆಟ್ಟದ್ದೇನಿದೆ ಎಂದು ಬಾಯಲ್ಲಿ ಅನ್ನಬಹುದು. ಆದರೆ ಆ ಕೂಸಿಗೆ ನನ್ನಿಂದ ಸಲ್ಲಬೇಕಾದದ್ದು ಅದೊಂದೇ ಇತ್ತು, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

“ಅವ್ವಾ,” ಎಂದೆ ಮೆಲ್ಲಗೆ, “ಕೆಳಗೆ ಇರೋವೆಲ್ಲ ಒಳಗೊಳಗೇ ದುಡೀತಾ ಅವೆ. ಅವನ್ನ ತಗುದ್ರೆ ಮಾತ್ರ ಇದಕ್ಕೆ ಉಸ್ರು ಬರೋದು.”

ಎಲ್ಲರೂ ಅವ್ವನನ್ನೇ ನೋಡುತ್ತಿದ್ದರು. ಅವಳು ಹೋಗಿ ತೊಟ್ಟಿಲ ಹಗ್ಗ ಹಿಡಿದಳು. ಒಂದು ಸಲ ತೂಗಿದಳು.

“ಒಂದೊಂದಾಗಿ ತಗಿ. ರಪ್ ಅಂತ ತಗೀಬ್ಯಾಡ. ನಾ ತೂಗ್ತೀನಿ, ನೀ ಮನಗ್ಸು.”

ಜೋಗುಳವನ್ನು ಮಾತಿಲ್ಲದೆ ಬರೀ ಗಂಟಲಲ್ಲೇ ಎಳೆಯತೊಡಗಿದಳು. ನಾನು ಮೊದಲ ಪುಟವನ್ನು ಮೇಲಕ್ಕೆ ತಂದೆ. ಆಕಳಿಸುವ ಕೂಸು. ಅವ್ವ ಕತ್ತು ನೀಡಿ ನೋಡಿ, ನೆಟಿಗೆ ಮುರಿದು, ಹೂಂ ಎಂದಳು. ಇಂಟು ಒತ್ತಿದೆ. ಮುಷ್ಟಿ ಹಿಡಿದ ಕೂಸು, ನೆಟಿಗೆ, ಹೂಂ. ಹೆಂಗಸರು ಅವ್ವನ ದನಿಗೆ ದನಿ ಸೇರಿಸಿದರು. ಒಂದೊಂದು ಮುಖ ಹೋದ ಹಾಗೆ ಒಂದೊಂದು ಪುಟದ ನಕ್ಷತ್ರಗಳು ನಿಂತವು. ಹಸಿರು ಗೆರೆ ಅಂಚು ಬಿಟ್ಟು ಇಳಿಯತೊಡಗಿತು. ಕಂಪ್ಯೂಟರಿನ ಭೋರ್ಗರೆತ ಗುಯ್ ಎಂದಾಗಿ, ಉಸ್ ಎಂದಾಗಿ, ಬ್ಯಾರನ್ನಿನ ಬೆಂಕಿ ಬೂದಿ ಕಟ್ಟಿದ ಹಾಗೆ ತಣ್ಣಗಾಯಿತು. ಕೋಣೆಯಲ್ಲಿ ತೊಟ್ಟಿಲ ಹಗ್ಗದ ಕಿರ್ರೆನ್ನುವ ಸದ್ದು ಮಾತ್ರ ಉಳಿಯಿತು.

ಆಗ ಪರದೆಯಲ್ಲಿ ಅಣ್ಣನ ಬಾಯಿ ಮುಚ್ಚಿಕೊಂಡಿತು. ಅತ್ತಿಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದುದು ನೀರಿನಷ್ಟು ಸಲೀಸಾಗಿ ಕಂಡಿತು. ನಾನು ಮೈಕಿನ ಸುತ್ತ ಅಂಗೈ ಬೊಗಸೆ ಮಾಡಿ, ಕಿವಿಯಲ್ಲಿ ಹೇಳುವಷ್ಟೇ ಮೆಲ್ಲಗೆ ಮೂರು ಸಲ ಹೆಸರು ಹೇಳಿದೆ. ಕೂಸು ಅಳು ನಿಲ್ಲಿಸಿ ದನಿ ಬಂದ ಕಡೆಗೆ ತಲೆ ಹೊರಳಿಸಿತು. ನನಗೆ ಕಣ್ಣೀರು ಬಂದು ಮುಂದಿನದೇನೂ ಕಾಣಲಿಲ್ಲ.

ಎಲ್ಲರೂ ಉಂಡು ಹೋದ ಮೇಲೆ, ಮಾತು ಮುಗಿದ ಆ ಪುಟದಲ್ಲಿ ಕೂಸಿನ ಚಿಕ್ಕ ಫೋಟೊ ಒಂದೇ ಉಳಿದಿತ್ತು. ಅದನ್ನು ಹಾಗೇ ಬಿಡೋಣವೆಂದು ನಾನು ಎದ್ದೆ. ಅವ್ವ ಬಂದು ನನ್ನ ಕುರ್ಚಿಯಲ್ಲಿ ಕೂತಳು. ಅದುವರೆಗೆ ಮೌಸನ್ನು ಮುಟ್ಟದಿದ್ದವಳು, “ಯಾವ್ದ ಒತ್ತೋದು, ತೋರ್ಸು,” ಅಂದಳು. ತೋರಿಸಿದೆ. ಮೊಮ್ಮಗಳನ್ನು ಮೊದಲ ಸಲ ಹೆಸರು ಹಿಡಿದು ಕರೆದು, “ಮನಿಕ್ಕವ್ವ, ನಿದ್ದೆ ಮಾಡು,” ಎಂದು ಒತ್ತಿದಳು. ಮುಖ ಹೋಯಿತು. ಅವಳು ಬೆಚ್ಚಲಿಲ್ಲ.

ಆಮೇಲೆ ಕಲ್ಲನ್ನು ಒಳಗಿಡಲು ತೊಟ್ಟಿಲ ಹತ್ತಿರ ಹೋದಳು. ಎತ್ತಲು ಬಗ್ಗಿದವಳು ಬಗ್ಗಿಯೇ ಇದ್ದಳು. ಕುಲಾವಿಯ ಅಂಚನ್ನು ಕಿವಿ ಇರಬೇಕಾದ ಕಡೆ ಸ್ವಲ್ಪ ಸರಿಸಿ, ಬಾಯಿ ಹತ್ತಿರ ತಂದು ಏನೋ ಹೇಳಿದಳು. ಒಂದು ಸಲ, ಇನ್ನೊಂದು ಸಲ, ಮತ್ತೊಂದು ಸಲ. ಅದು ನಮ್ಮ ಕೂಸಿನ ಹೆಸರಲ್ಲ, ಅವಳ ತುಟಿ ಬೇರೆ ಥರ ಆಡುತ್ತಿತ್ತು. ಯಂತ್ರ ಅಷ್ಟು ಸುಮ್ಮನಿದ್ದರೂ ಆ ಹೆಸರು ನನಗೆ ಕೇಳಿಸಲಿಲ್ಲ.