ಕರೆಂಟಿಲ್ಲದ ದಿನಗಳ ಧಾರಾವಾಹಿ

ಸಿನಿಮಾ ವಿಷಯಕ್ಕೆ ಬಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಮಡಿಕೇರಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ "ಎಂಥಾ ಪಿಕ್ಚರ್ ಮೇಡಂ, ನೋಡ್ಲೇಬೇಕು" ಎಂದರೆ ಸಾಕು, ನೋಡುವ ಮೊದಲೇ ಅದರ ಮೇಲೆ ಅನುಮಾನ ಹುಟ್ಟುತ್ತದೆ. ನಮ್ಮ ಕಡೆ ಬಂದು ತೆಗೆದ ಸಿನಿಮಾಗಳ ಮೇಲಂತೂ ಇನ್ನೂ ಸಿಟ್ಟು. ಒಂದಿಷ್ಟು ಮಂಜು ಕಂಡುಬಿಟ್ಟರೆ ಈ ನಿರ್ದೇಶಕರಿಗೆ ಕತೆಯೇ ಬೇಡ. ನಾಯಕ ಜೀಪಿನಿಂದ ಇಳಿದು ಸುಮ್ಮನೆ ಕಣಿವೆ ನೋಡುತ್ತಾ ನಿಂತರೆ ಅದಕ್ಕೊಂದು ಪ್ರಶಸ್ತಿ. ನಾವು ದಿನಾ ಅದೇ ಮಂಜಿನಲ್ಲಿ ಬಸ್ಸಿಗೆ ಕಾಯುತ್ತೇವೆ, ನಮಗೆ ಯಾರು ಏನು ಕೊಟ್ಟರು? ಅದೇ, ಜನರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿ ಕಳಿಸುವ ಸಿನಿಮಾಕ್ಕೆ ಒಂದು ಒಳ್ಳೆಯ ಮಾತಿಲ್ಲ. ಅಂಥವನ್ನು ವಹಿಸಿಕೊಂಡು ಗಣಿತದ ಮೇಡಂ ಜೊತೆ ಎಷ್ಟು ಸಲ ಜಗಳವಾಡಿದ್ದೇನೋ ಲೆಕ್ಕವಿಲ್ಲ.

ಧಾರಾವಾಹಿಗಳು ಮಾತ್ರ ಜಗಳಕ್ಕೂ ಲಾಯಕ್ಕಿಲ್ಲ ಎಂದುಕೊಂಡಿದ್ದೆ. ಒಬ್ಬಳು ಬಾಗಿಲು ತೆಗೆದರೆ ಮನೆಯವರೆಲ್ಲರ ಮುಖವನ್ನೂ ತೋರಿಸಿದ್ದೇ ತೋರಿಸಿದ್ದು, ಪ್ರತಿ ಮುಖಕ್ಕೂ ಒಂದೊಂದು ಗುಡುಗು. ಥೂ! ಸಂಜೆ ಅತ್ತೆ ಅಂಥದ್ದೊಂದನ್ನು ಹಾಕಿಕೊಂಡು ಕೂತರೆ ನಾನು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ವಾರವಿಡೀ ಮನೆಯಲ್ಲಿ ನಾವಿಬ್ಬರೇ. ಗಂಡನಿಗೆ ಗೋಣಿಕೊಪ್ಪಲಿನಲ್ಲಿ ಕೆಲಸ, ಶನಿವಾರ ಬರುವವರು.

ಹೋದ ಮಳೆಗಾಲದಲ್ಲಿ ನಮ್ಮ ರಸ್ತೆಯ ಕರೆಂಟ್ ಕಂಬದ ಮೇಲೆ ಮರ ಬಿತ್ತು. ಹೋದ ಕರೆಂಟ್ ದಿನಗಟ್ಟಲೆ ಬರಲಿಲ್ಲ. ಇದೇನೂ ನಮಗೆ ಹೊಸದಲ್ಲ. ಇಂಥ ದಿನಗಳಿಗೆಂದೇ ಇಲ್ಲಿನ ಹೆಂಗಸರು ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಮಳೆ ಕಮ್ಮಿ ಇರುವ ಕಡೆಯ ನೆಂಟರು ಧಾರಾವಾಹಿ ನೋಡಿ, ಅವತ್ತಿನ ಕತೆಯನ್ನು ಫೋನಿನಲ್ಲಿ ಹೇಳಬೇಕು. ನಮಗೆ ಹೇಳುವವಳು ಕುಶಾಲನಗರಕ್ಕೆ ಕೊಟ್ಟಿರುವ ನನ್ನ ನಾದಿನಿ. ಅವಳು ಹೇಳುತ್ತಿದ್ದುದು ಆಗಷ್ಟೇ ಶುರುವಾಗಿದ್ದ ಒಂದು ಧಾರಾವಾಹಿಯ ಕತೆ, ಅತ್ತೆ ಅದರ ಒಂದು ಕಂತನ್ನೂ ನೋಡಿರಲಿಲ್ಲ. ನಾನು ಶಾಲೆಯಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಬಂದು ಅತ್ತೆಯ ಮುಂದೆ ಇಡುತ್ತಿದ್ದೆ. ನಮ್ಮ ಮನೆಯಲ್ಲಿ ಆಗ ಮಾತಷ್ಟೇ ಕೇಳುತ್ತಿತ್ತು, ವಿಡಿಯೋ ತೆರೆದುಕೊಳ್ಳುವಷ್ಟು ಟವರ್ ಇರಲಿಲ್ಲ. ಅತ್ತೆಗೆ ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಲೇಬೇಕು, ಹಾಗಾಗಿ ನನ್ನ ಕಿವಿಗೂ ಬೀಳುತ್ತಿತ್ತು.

ಮೊದಲ ಸಂಜೆ ಗೊಣಗಿದೆ. ಮಾರನೆಯ ಸಂಜೆ ಸೌಟು ಹಿಡಿದುಕೊಂಡೇ ಬಂದು ಕೂತೆ. ಅಬ್ಬಾ, ಎಂಥಾ ಕತೆ! ವಿಷ ಹಾಕುವವರಿಲ್ಲ, ಕೆನ್ನೆಗೆ ಬಾರಿಸುವವರಿಲ್ಲ. ಗಂಡ ಹೆಂಡತಿಯ ಜೊತೆ ಮಾತಾಡುವುದಿಲ್ಲ, ಅಷ್ಟೇ. ಊಟ ಮಾಡುತ್ತಾನೆ, ಕೈ ತೊಳೆಯುತ್ತಾನೆ, ಎದ್ದು ಹೋಗುತ್ತಾನೆ. ಅವಳು ಏನಾದರೂ ಹೇಳಲು ಬಾಯಿ ತೆರೆದರೆ ಟೀವಿ ಸೌಂಡ್ ಜಾಸ್ತಿ ಮಾಡುತ್ತಾನೆ. ಸಂಜೆ ಬೈಕನ್ನು ಹಾಲ್‌ನೊಳಗೇ ತಂದು ನಿಲ್ಲಿಸಿ ಒರೆಸುತ್ತಾನೆ. ಒರೆಸುವಾಗ ಬೈಕಿನ ಜೊತೆಗಾದರೂ ಎರಡು ಮಾತಾಡುತ್ತಾನಂತೆ, ಇವಳ ಜೊತೆ ಇಲ್ಲ. ಇದನ್ನು ಬರೆದವರು ಯಾರೋ, ಅವರಿಗೆ ಕೈ ಮುಗಿಯಬೇಕು ಅನ್ನಿಸಿತು.

"ಹೊಡಿಯಾದಿಲ್ವಲ್ಲ ಮಗ," ಎಂದರು ಅತ್ತೆ ಒಂದು ಸಂಜೆ ಫೋನಿಗೆ. "ಗಂಡಸ್ರು ಹಂಗೇಯ. ಇನ್ನೊಂದಷ್ಟು ದಿನ ನೋಡ್ಲಿ ಅವ್ಳು."

ನನಗೆ ರೇಗಿತು. "ಏನತ್ತೆ ನೋಡೋದು? ಚೂಯಿಂಗ್ ಗಮ್ ಎಳ್ದಂಗೆ ಎಳೀತಾ ಇದ್ದಾರೆ. ಎದ್ದು ಬಸ್ ಹತ್ತಿ ತವರಿಗೆ ಹೋಗ್ಬಾರ್ದಾ? ಡೈರೆಕ್ಟರ್‌ಗೆ ಧೈರ್ಯ ಇಲ್ಲ, ಅಷ್ಟೇ."

 

"ಹೋದ್ರೆ ಸರಿ ಹೋಗುತ್ತಾ ಅತ್ತಿಗೆ? ಜನ ಒಪ್ತಾರಾ?" ಎಂದಳು ನಾದಿನಿ.

"ಯಾಕೊಪ್ಪಲ್ಲ? ನಾನೊಪ್ತೀನಿ," ಎಂದು ಒಲೆ ಕಡೆ ಓಡಿದೆ. ಸಾರು ಉಕ್ಕುತ್ತಿತ್ತು.

ಮರುದಿನ ಸ್ಟಾಫ್ ರೂಮಿನಲ್ಲಿ ಘೋಷಣೆ ಮಾಡಿಯೇಬಿಟ್ಟೆ. ನಿಮ್ಮ ಮಂಜಿನ ಸಿನಿಮಾಗಳೆಲ್ಲ ಓವರ್‌ರೇಟೆಡ್, ಯಾರೂ ಬೆಲೆ ಕೊಡದ ಈ ಧಾರಾವಾಹಿಯನ್ನು ನೋಡಿ ಕಲಿಯಿರಿ ಎಂದೆ. ಗಣಿತದ ಮೇಡಂ ಬಿದ್ದೂ ಬಿದ್ದೂ ನಕ್ಕರು.

"ಅದಾ? ಹೀರೋಯಿನ್ ಫಾಲ್ಸಿಂದ ಬಿದ್ದು, ಮರೆವು ಬಂದು, ಅವ್ಳ ಥರಾನೇ ಇನ್ನೊಬ್ಳು ಮನೆ ಸೇರ್ಕೊಂಡಿದ್ದಾಳಲ್ಲ, ಅದೇ ತಾನೇ? ಏನ್ರೀ, ಹುಷಾರಾಗಿದ್ದೀರಾ?"

ಮಧ್ಯಾಹ್ನ ಊಟದ ಹೊತ್ತಿಗೆ ಡಬ್ಬಿ ಪಕ್ಕಕ್ಕಿಟ್ಟು ಫೋನಿನಲ್ಲಿ ಹುಡುಕಿ ನೋಡಿದೆ. ತಲೆಬುಡ ಅರ್ಥವಾಗಲಿಲ್ಲ. ಹೆಸರು ಅದೇ, ನಾದಿನಿ ಫೋನಿನಲ್ಲಿ ಗುನುಗುತ್ತಿದ್ದ ಶುರುವಿನ ಹಾಡೂ ಅದೇ. ಗಂಡ ಮಾತ್ರ ಬಾಯಿ ಮುಚ್ಚುವುದೇ ಇಲ್ಲ, ನಿದ್ದೆಯಲ್ಲೂ ಡೈಲಾಗ್ ಹೊಡೆಯುತ್ತಾನೆ. ಹಿಂದಿನ ಕಂತುಗಳಿಗೆ ಹೋದೆ. ಆ ಮನೆಯಲ್ಲಿ ಸಾಲಾಗಿ ಕಾರುಗಳಿವೆ, ಬೈಕೇ ಇಲ್ಲ. ಹಾಲ್‌ನೊಳಗಿನ ಬೈಕು ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದಂತೆ ನೆನಪಾಯಿತು. ಆ ಬೈಕನ್ನು ನಾನು ನೋಡಿದ್ದೆ. ಯುಗಾದಿಗೆ ಕುಶಾಲನಗರಕ್ಕೆ ಹೋದಾಗ ಅದರ ಪಕ್ಕದ ಕುರ್ಚಿಯಲ್ಲೇ ಕೂತು ಹೋಳಿಗೆ ತಿಂದಿದ್ದೆ.

ಹಾಗಾದರೆ ಇಷ್ಟು ದಿನ ನಾನು ಹೊಗಳಿದ್ದು ಏನನ್ನು? ಚೆನ್ನಾಗಿದೆ, ಸಹಜವಾಗಿದೆ ಅಂದೆನಲ್ಲ, ಯಾವುದಕ್ಕೆ ಅಂದೆ? ಬಸ್ ಹತ್ತಲಿ ಎಂದದ್ದು ವಿಮರ್ಶೆಯೋ ಬುದ್ಧಿಮಾತೋ? ಅವಳು ಅತ್ತೆಯ ಮಾತಿಗೆ ಕಾಯುತ್ತಿದ್ದಳೋ, ನನ್ನ ಮಾತಿಗೋ? ಇಲ್ಲಾ ಇದೆಲ್ಲ ನನ್ನ ತಲೆಯ ಕತೆಯೇ, ಅವಳು ಸುಮ್ಮನೆ ತನ್ನ ಮನೆಯ ಬೈಕನ್ನು ಕತೆಗೆ ಸೇರಿಸಿದಳೇ? ಪಾಠ ಮಾಡುವಾಗಲೂ ಇದೇ ಗಿರಿಗಿಟ್ಟಲೆ. ನೇರವಾಗಿ ಕೇಳೋಣವೆಂದರೆ, ಕತೆ ಎಂದೇ ಹೇಳಿಕೊಂಡವಳು ಬಾಯಿ ಮುಚ್ಚಿಬಿಟ್ಟರೆ ಎಂಬ ಭಯ. ಅತ್ತೆಗೆ ಹೇಳೋಣವೆಂದರೆ, "ಇನ್ನೊಂದಷ್ಟು ದಿನ ನೋಡ್ಲಿ" ಎಂದವರು ಅವರೇ. ನನಗೆ ಅಳು ಬಂತು, ಯಾಕೋ ಕತೆಯ ಮೇಲೂ ಸಿಟ್ಟು ಬಂತು.

ಸಂಜೆ ಮನೆಗೆ ಬಂದರೆ ದೀಪಗಳೆಲ್ಲ ಉರಿಯುತ್ತಿವೆ. ಮಧ್ಯಾಹ್ನವೇ ಕರೆಂಟ್ ಬಂದಿತ್ತಂತೆ. ಅತ್ತೆ ಟೀವಿ ಮುಂದೆ ಕೂತಿದ್ದರು, ಮಧ್ಯಾಹ್ನದಿಂದ ಹಳೆಯ ಕಂತುಗಳ ಮರುಪ್ರಸಾರವನ್ನೆಲ್ಲ ನೋಡಿದ್ದರಂತೆ. "ಫಾಲ್ಸಿಂದ ಬಿದ್ಲಂತಲ್ಲವ್ವ," ಎಂದರು. ಕೈಯಲ್ಲಿದ್ದ ಕಾಫಿ ಹಾಗೇ ಇತ್ತು. ಅವರಿಗೆ ಎಷ್ಟು ತಿಳಿಯಿತು, ಎಷ್ಟು ತಿಳಿಯಲಿಲ್ಲ ಎಂದು ಮುಖ ನೋಡಿ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಅತ್ತೆ ಟೀವಿಯ ಸೌಂಡ್ ಪೂರ್ತಿ ಕಮ್ಮಿ ಮಾಡಿದರು. ನಾನು ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತೆ.

"ಅವ್ವ, ಕರೆಂಟ್ ಬಂತಾ?" ಎಂದಳು ನಾದಿನಿ.

ಅತ್ತೆ ತಲೆಯ ಮೇಲಿನ ಟ್ಯೂಬ್‌ಲೈಟನ್ನೊಮ್ಮೆ ನೋಡಿದರು. "ಎಲ್ಲಿಂದ ಬಂದಾತು ಮಗ? ಕತ್ಲೇಲೇ ಕೂತೀವಿ. ನೀ ಕತೆ ಹೇಳು."

"ಇವತ್ತು ಅವ್ಳು ಬಟ್ಟೆ ಎಲ್ಲಾ ಬ್ಯಾಗಿಗೆ ತುಂಬ್ಕೊಂಡ್ಳವ್ವ," ಎಂದಳು. "ಆದ್ರೆ ಬಾಗ್ಲು ದಾಟ್ಲಿಲ್ಲ. ತವರಲ್ಲಿ ಏನಂತಾರೋ ಅಂತ ಅಲ್ಲೇ ಕೂತವ್ಳೆ."

ಅತ್ತೆ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಯ ಹತ್ತಿರ ಹಿಡಿದುಕೊಂಡರು.

"ಈಗ ಕತ್ಲಾತು, ಬ್ಯಾಡ. ಬೆಳಿಗ್ಗೆ ಮೊದ್ಲನೇ ಬಸ್ಸಿಗೆ ಹತ್ತು ಅನ್ನು. ಅವ್ರವ್ವ ಏನೂ ಅನ್ನಲ್ಲ."