ಒಂದು ಮೊರ ತೌಡು

ನಮ್ಮ ತಾತನನ್ನು ಅವನ ಹೆತ್ತ ತಾಯಿ ಒಂದು ಮೊರ ತೌಡಿಗೆ ಮಾರಿದ್ದಳು. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಕೆರೆ ನೀರಿನ ಸರದಿಗೆ ಜಗಳ ಬಂದರೆ ಸಾಕು, "ತೌಡಿಗೆ ಬಂದೋನಿಗೆ ಎಷ್ಟು ದಿಮಾಕು ನೋಡು" ಎಂಬ ಮಾತು ಎದುರಿನವರ ಬಾಯಿಂದ ಬಂದೇ ಬರುತ್ತಿತ್ತು. ತಾತ ಗುದ್ದಲಿ ಹೆಗಲಿಗೇರಿಸಿ ಮನೆಗೆ ಬಂದುಬಿಡುತ್ತಿದ್ದ. ಆ ದಿನ ಮುದ್ದೆ ಮಾತ್ರ ತಟ್ಟೆಯಲ್ಲಿ ಅರ್ಧ ಉಳಿಯುತ್ತಿತ್ತು. ಅವನಿಗಿಂತ ನನಗೆ ಹೆಚ್ಚು ಸಿಟ್ಟು ಬರುತ್ತಿತ್ತು. ನನ್ನ ಸಿಟ್ಟು ಇವತ್ತಿಗೂ ಮೂಗಿನ ತುದಿಯಲ್ಲೇ ಇದೆ. ಆಗಂತೂ ಹದಿಮೂರು ವರ್ಷ, ಕೇಳಬೇಕೆ?

ನಮ್ಮೂರು ಕೈವಾರದ ಪಕ್ಕದ್ದು. ಐವತ್ತರ ದಶಕದ ಕೊನೆಯ ವರ್ಷಗಳು; ನಾನು ಚಿಂತಾಮಣಿಯ ಹೈಸ್ಕೂಲಿಗೆ ಹೋಗುತ್ತಿದ್ದೆ.

ತೌಡಿಗೆ ಮಾರುವುದು ನಮ್ಮ ಕಡೆ ಹೊಸದೇನಲ್ಲ. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ಹೋಗಿಬಿಟ್ಟರೆ, ಮುಂದಿನ ಮಗುವನ್ನು ನೆರೆಯವಳಿಗೆ ಮಾರಿದ ಹಾಗೆ ಮಾಡುತ್ತಿದ್ದರು. ಇದು ಬೆಲೆಯಿಲ್ಲದ ಕೂಸು, ಯಾರದೋ ಕೂಸು ಎಂದುಕೊಂಡು ಸಾವು ಮುಂದಿನ ಬೀದಿಗೆ ಹೋಗಲಿ ಎಂದು. ಆಮೇಲೆ ಅಷ್ಟೇ ತೌಡು ಕೊಟ್ಟು ಮಗುವನ್ನು ಮನೆಗೆ ತರಬೇಕು. ಕೆಲವರು ಅದೇ ದಿನ ತರುತ್ತಿದ್ದರು. ಕೆಲವರು ಹಿಂದಿನ ಮಕ್ಕಳು ಸತ್ತ ವಯಸ್ಸನ್ನು ಇದು ದಾಟಲಿ ಎಂದು ಕಾಯುತ್ತಿದ್ದರು. ತಾತನ ಪಾಲಿಗೆ ಮಾತ್ರ ಆ ಎರಡನೆಯ ವ್ಯಾಪಾರ ನಡೆಯಲೇ ಇಲ್ಲ. ಕೊಂಡವಳೇ ದತ್ತು ತೆಗೆದುಕೊಂಡು, ಸಾಕಿ, ಮದುವೆ ಮಾಡಿ, ಜಮೀನು ಬಿಟ್ಟುಹೋದಳು. ಅವಳನ್ನು ತಾತ "ಅವ್ವ" ಎನ್ನುತ್ತಿದ್ದ. ಅವಳ ಮಾತು ಬಂದರೆ ಅವನ ಮುಖವೇ ಬೇರೆಯಾಗುತ್ತಿತ್ತು.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವಲ್ಲ, ಆಗ ಅಜ್ಜಿ ಪ್ರತಿ ವರ್ಷವೂ ಮೆಲ್ಲಗೆ ಕೇಳುತ್ತಿದ್ದಳು: "ಹೆತ್ತೋಳಿಗೂ ಒಂದು ಎಲೆ ಹಾಕಲಾ?"

"ಮಾರಿದೋಳಿಗೆ ಎಡೆ ಯಾಕೆ? ತೌಡು ತಿಂದು ಹೊಟ್ಟೆ ತುಂಬಿಸ್ಕೊಂಡಿರ್ತಾಳೆ," ಎನ್ನುತ್ತಿದ್ದ ತಾತ. ಅಷ್ಟು ಕಹಿಯಾದ ಮಾತನ್ನು ಅವನು ಬೇರೆ ಯಾರ ಬಗ್ಗೆಯೂ ಆಡಿದ್ದನ್ನು ನಾನು ಕೇಳಿಲ್ಲ. ಮಾರಿದ್ದಕ್ಕಲ್ಲ ಅವನ ಕೋಪ, ತಿರುಗಿ ಕೊಳ್ಳಲು ಬರಲಿಲ್ಲವಲ್ಲ ಎಂಬುದಕ್ಕೆ. ಅರವತ್ತು ದಾಟಿದ ಮನುಷ್ಯ ಎಳೆಮಗುವಿನ ಹಾಗೆ ಅದನ್ನೇ ಹಿಡಿದು ಕೂತಿದ್ದ.

ಅವಳು ಯಾರೆಂದು ಪತ್ತೆ ಮಾಡಿ, ಯಾಕೆ ಬರಲಿಲ್ಲವೆಂದು ಅವಳ ಕಡೆಯವರನ್ನು ಕೇಳಿಯೇ ತೀರುತ್ತೇನೆ ಎಂದು ನಾನು ಹಟ ಹಿಡಿದೆ. ನೋಟ್‌ಬುಕ್ಕೊಂದನ್ನು ಹಿಡಿದು ಊರಿನ ಮುದುಕಿಯರನ್ನೆಲ್ಲ ಕೇಳುತ್ತಾ ಹೋದೆ. "ನಿಮ್ಮನೇಲಿ ಯಾರಾದ್ರೂ ಮಗು ಮಾರಿದ್ರಾ?" ಎಂದು ಕೇಳಿದರೆ ಯಾರು ತಾನೇ ಸುಮ್ಮನಿರುತ್ತಾರೆ? ಒಬ್ಬಾಕೆ ಪೊರಕೆ ಹಿಡಿದೇ ನಮ್ಮ ಬಾಗಿಲಿಗೆ ಬಂದಳು. ಅಜ್ಜಿ ನನ್ನ ಕಿವಿ ಹಿಂಡಿದಳು.

ದಾರಿ ತೋರಿಸಿದವನು ಹೆಳವ. ಸುಗ್ಗಿ ಮುಗಿದ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು ಬಂದು, ಮನೆ ಮನೆಯ ವಂಶಾವಳಿ ಹಾಡಿ ರಾಗಿ ಪಡೆಯುವವರು ಹೆಳವರು. ಆ ವರ್ಷ ಅವನು ಹಾಡಿದ್ದನ್ನೆಲ್ಲ ನಾನು ಬರೆದುಕೊಂಡೆ. ನಮ್ಮ ಹಿರಿಯರು ನಗರಗೆರೆ ಬಿಟ್ಟು ಬಂದವರೆಂದು ಅವನು ಪ್ರತಿ ಸಲವೂ ಹಾಡುತ್ತಿದ್ದ. ಅದು ಯಾವುದೋ ಪುರಾತನ ಕಾಲದ ಮಾತೆಂದು ನಾವು ತಲೆಯಾಡಿಸುತ್ತಿದ್ದೆವು. ಬರೆದದ್ದನ್ನು ಓದಿದಾಗ ನನಗೆ ಬೇರೆಯೇ ಕಂಡಿತು. ಮೊದಲು "ದತ್ತುಮಗ ತೊಡೆಗೆ ಬಂದ", ಅದರ ಮುಂದಿನ ಸಾಲು "ಊರು ಬಿಟ್ಟರು, ಗಾಡಿ ಕಟ್ಟಿದರು".

"ಹೆಳವಪ್ಪಾ, ಹಿಂದು ಮುಂದು ಮಾಡಿ ಹಾಡಿದ್ಯಾ?" ಎಂದೆ.

"ನಮ್ಮಪ್ಪ ಹೆಂಗೆ ಹೇಳ್ಕೊಟ್ನೋ ಹಂಗೇ ಕಣಮ್ಮ. ಒಂದಕ್ಷರ ಆ ಕಡೆ ಈ ಕಡೆ ಮಾಡಿದ್ರೆ ಅನ್ನ ಹುಟ್ತದಾ ನಮಗೆ?"

ಅಂದರೆ ತಾತ ಹುಟ್ಟಿದ್ದು ನಮ್ಮೂರಲ್ಲಲ್ಲ, ನಗರಗೆರೆಯಲ್ಲಿ. ಅವನನ್ನು ಎತ್ತಿಕೊಂಡೇ ಅವ್ವ ಊರು ಬಿಟ್ಟಿದ್ದಳು. ತೌಡಿಗೆ ಕೊಂಡದ್ದನ್ನು ನಮ್ಮೂರಲ್ಲಿ ಹೇಳಿಕೊಂಡವಳೂ ಅವಳೇ ಇರಬೇಕು.

ಬೇಸಿಗೆ ರಜದಲ್ಲಿ ತಾತನನ್ನು ಹೊರಡಿಸಿದೆ. "ಅವಳ ಕಡೆಯೋರನ್ನ ಕಣ್ಣಿಂದ ನೋಡಿ ಬರಣ, ಬೈದು ಬರಣ," ಎಂದು ಪುಸಲಾಯಿಸಿದೆ. ಬೈಯಲು ಎಂದಿದ್ದಕ್ಕೇ ಅವನು ಒಪ್ಪಿದ್ದು ಎಂದು ಈಗ ಅನಿಸುತ್ತದೆ. ಶಿಡ್ಲಘಟ್ಟದಲ್ಲಿ ಬಸ್ಸಿನ ಮೇಲೆ ರೇಷ್ಮೆಗೂಡಿನ ಮೂಟೆ ಹೇರುವವರೆಗೆ ಕಾದು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಗೌರಿಬಿದನೂರಿನಿಂದ ಎತ್ತಿನ ಗಾಡಿ ಹಿಡಿದು ಹೋಗುವಷ್ಟರಲ್ಲಿ ಹೊತ್ತು ಇಳಿದಿತ್ತು.

ಅರಳಿಕಟ್ಟೆಯ ಮೇಲಿದ್ದ ಮುದುಕನೊಬ್ಬನಿಗೆ ಅವ್ವನ ಗಂಡನ ಹೆಸರು ಹೇಳಿದೆ. ಅವನು ತಾತನನ್ನೇ ದಿಟ್ಟಿಸಿ ನೋಡಿ, ಎದ್ದು, ಕೋಲೂರಿಕೊಂಡು ನಮ್ಮನ್ನು ಒಂದು ಮನೆಯ ಮುಂದೆ ನಿಲ್ಲಿಸಿದ. ಅದೇ ಊರಲ್ಲಿದ್ದ ಸೋದರಮಾವನಿಗೇ ಕೊಟ್ಟಿದ್ದರಿಂದ ಹುಟ್ಟಿದ ಊರಲ್ಲೇ ಉಳಿದ ಹೆಂಗಸೊಬ್ಬಳ ಮನೆ ಅದು. ಅವಳು ಹುಣಸೆಹಣ್ಣು ಬಿಡಿಸುತ್ತಿದ್ದಳು. ತಲೆಯೆತ್ತಿ ನೋಡಿದಳು. ತಾತನಿಗೆ ಸೀರೆ ಉಡಿಸಿ ಕೂರಿಸಿದ ಹಾಗಿತ್ತು.

ಯಾಕೆ ಬಂದೆವೆಂದು ನಾನು ತೊದಲುತ್ತಾ ಹೇಳಿದೆ. ಅವಳು ನನ್ನ ಮಾತು ಮುಗಿಯುವವರೆಗೂ ಕಾಯಲಿಲ್ಲ. ಹುಣಸೆ ಮೆತ್ತಿದ ಕೈಯಲ್ಲೇ ತಾತನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಅವನ ಬಲ ಮೂಗಿನ ಹೊಳ್ಳೆಯ ಮೇಲೆ ಒಂದು ಸಣ್ಣ ಕುಳಿ ಇತ್ತು. ಸಿಡುಬಿನ ಕಲೆ ಎಂದು ನಾವೆಲ್ಲ ತಿಳಿದಿದ್ದೆವು.

"ಇದು ಅಮ್ಮ ಚುಚ್ಚಿಸಿದ್ದು. ಸಾವು ಹೆಣ್ಣು ಮಗು ಅಂದ್ಕೊಳ್ಳಲಿ, ಬಿಟ್ಟು ಹೋಗ್ಲಿ ಅಂತ ಮೂಗು ಚುಚ್ಚಿಸಿ ಮಾರಿದ್ಳು," ಎಂದಳು. ಆಮೇಲೆ ತೆಲುಗಿನಲ್ಲಿ, "ಮಾ ಅನ್ನ, ಮಾ ಅನ್ನ," ನಮ್ಮಣ್ಣ, ನಮ್ಮಣ್ಣ ಎನ್ನುತ್ತಾ ಅಳತೊಡಗಿದಳು.

ಬೈಯಲು ಬಂದಿದ್ದ ತಾತನ ಬಾಯಿಂದ ಹೊರಟದ್ದು ಒಂದೇ ಮಾತು: "ಯಾಕೆ ಬರ್ಲಿಲ್ಲ ಅವಳು?"

"ಬಂದಿದ್ಳು ಕಣಣ್ಣ! ಮುಂಚೆ ಮೂರು ಮಕ್ಕಳು ವರ್ಷ ತುಂಬೋದ್ರೊಳಗೆ ಹೋಗಿದ್ವು. ಅದಕ್ಕೇ ನಿಂಗೆ ವರ್ಷ ತುಂಬೋವರ್ಗೂ ಹಲ್ಲು ಕಚ್ಚಿ ಕಾದ್ಳು. ತುಂಬಿದ ದಿವ್ಸ ಮೊರದ ತುಂಬಾ ತೌಡು ಹೊತ್ಕೊಂಡು ಹೋದ್ರೆ ಮನೆ ಖಾಲಿ. ಹಿಂದಿನ ವಾರವೇ ಗಾಡಿ ಕಟ್ಕೊಂಡು ಹೋಗಿಬಿಟ್ಟಿದ್ರು. ಮೂರು ದಿವ್ಸ ಆ ಜಗಲಿ ಮೇಲೇ ಕೂತಿದ್ಳಂತೆ."

"ಹುಡುಕಬಹುದಿತ್ತಲ್ಲ?" ಎಂದೆ ನಾನು, ತಡೆಯಲಾರದೆ.

"ಹುಡುಕ್ಕೊಂಡು ಹೋದ್ರೆ ಸಾವಿಗೆ ನೀನೇ ದಾರಿ ತೋರಿಸ್ದಂಗೆ ಅಂದ್ರು ಹಿರೀಕರು. ಹೆದ್ರಿಕೊಂಡ್ಳು ತಾಯಿ. ಅವನೆಲ್ಲೋ ಬದುಕಿರ್ಲಿ ಅಂತ ಬಾಯಿ ಹೊಲ್ಕೊಂಡ್ಳು. ಆದ್ರೆ ವರ್ಷಾ ವರ್ಷಾ ಆ ದಿವ್ಸ ಮೊರಕ್ಕೆ ತೌಡು ತುಂಬಿ ಬಾಗಿಲ ಹತ್ರ ಇಡ್ತಿದ್ಳು. ಕೊಂಡೋರು ಬಂದ್ರೆ ಕೊಡಾಕೆ ಇರ್ಲಿ ಅಂತ. ಸಾಯೋವರ್ಗೂ ಇಟ್ಳು."

ತಾತ ಜಗಲಿಯ ಮೇಲೆ ಕೂತ. ತಾಯಿಯ ಹೆಸರು ಕೇಳಿದ. ತಂಗಿ ಹೇಳಿದಳು. ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೆಳವರ ಹಾಡಿನಲ್ಲಿ ಹೆಂಗಸರ ಹೆಸರು ಬರುವುದಿಲ್ಲ. ಇಲ್ಲಿ ಆ ಹೆಸರನ್ನು ನಾನೂ ಬರೆಯುವುದಿಲ್ಲ. ಅರವತ್ತು ವರ್ಷ ಕಾದು ಪಡೆದವನ ಬಾಯಲ್ಲೇ ಅದು ಇರಲಿ.

ಎರಡು ದಿನ ಅಲ್ಲಿದ್ದು ಹೊರಟೆವು. ನನಗೆ ಅವ್ವನ ಮೇಲೆ ಕೆಂಡದಂಥ ಕೋಪ. ಬಸ್ಸಿನಲ್ಲಿ ಅದನ್ನೇ ಅಂದೆ: "ಅವಳು ನಿನ್ನನ್ನ ಕದ್ಕೊಂಡು ಬಂದ್ಳು, ತಾತ. ಕಳ್ಳಿ."

ತಾತ ನಕ್ಕ. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. "ಹೂಂ ಕಣಮ್ಮ, ಕಳ್ಳಿನೇ. ಹೊಟ್ಟೇಲಿ ಹುಟ್ಟದ ಕೂಸಿಗೋಸ್ಕರ ಮನೆ ಮಠ ಬಿಟ್ಟು ಬಂದ್ಳು. ನಾನು ಯಾರಿಗೂ ಬೇಡದೋನು ಅಂದ್ಕೊಂಡಿದ್ದೆ. ಇಬ್ಬರಿಗೂ ಬೇಕಾಗಿದ್ದೆ ನೋಡು."

ಆ ವರ್ಷದ ಮಹಾಲಯಕ್ಕೆ ಅಜ್ಜಿ ಕೇಳಲಿಲ್ಲ. ಅವ್ವನ ಎಲೆಯ ಪಕ್ಕ ಇನ್ನೊಂದು ಎಲೆ ತಾನಾಗಿಯೇ ಬಿತ್ತು. ಎರಡಕ್ಕೂ ಒಂದೇ ಸಮ ಬಡಿಸಿದಳು. ಕರ್ಪೂರ ಹಚ್ಚುವ ಮುಂಚೆ ತಾತ ಎದ್ದು ಕೊಟ್ಟಿಗೆಯ ಕಡೆ ಹೋದ. ಹಸುವಿಗೆ ಹಾಕಲು ಹೋದನೇನೋ ಎಂದುಕೊಂಡೆವು. ಮೊರದ ತುಂಬ ತೌಡು ತುಂಬಿಕೊಂಡು ಬಂದ. ಅದನ್ನು ಅವ್ವನ ಎಡೆಯ ಮುಂದೆ ಇಟ್ಟು, ಅಡ್ಡಬಿದ್ದು, ಎದ್ದು ಕೂತ.

"ತಗೋ ಅವ್ವ, ಅವಳು ತಂದಿದ್ದ ತೌಡು," ಎಂದ. "ಇವತ್ತೊಂದು ಹೊತ್ತು ನನ್ನನ್ನ ಅವಳ ಹತ್ರ ಕಳಿಸಿಕೊಡು."

ಹಾಗೆಂದು ಪಕ್ಕದ ಎಲೆಯ ಮುಂದೆ ಸರಿದು ಕೂತು, ಮೊದಲ ಸಲ "ಅಮ್ಮಾ" ಎಂದ.