ಮದುವೆ ಗೋಡೆಯ ಮೀನು

ಕಳೆದ ವಾರ ಹರಪನಹಳ್ಳಿ ಪೇಟೆಯಲ್ಲಿ ಕುಂಬಾರರ ಅಂಗಡಿ ಮುಂದೆ ನಿಂತಿದ್ದೆ. ಒಳಗೆ ಯಾರೋ ಬಕೆಟ್ಟಿನಲ್ಲಿ ಕೆಮ್ಮಣ್ಣು ನೆನೆಹಾಕಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಏನು ಕೊಳ್ಳಲು ಬಂದೆನೆಂಬುದೇ ಮರೆತುಹೋಯಿತು. ಕ್ಯಾಂಪಿನಕ್ಕನ ಕೈ ವಾಸನೆ ಅದು... ಕೆಮ್ಮಣ್ಣು, ಸುಣ್ಣ, ಜೊತೆಗೆ ಎಷ್ಟು ತೊಳೆದರೂ ಹೋಗದ ಹೊಳೆಮೀನು.

ಸಿಂಧನೂರು ಕಡೆಯ ಬಂಗಾಲಿ ನಿರಾಶ್ರಿತರ ಕ್ಯಾಂಪಿನಿಂದ ಗಂಡನ ಜೊತೆ ಹೊಳೆದಂಡೆಯ ನಮ್ಮೂರು ಮಾಗಳಕ್ಕೆ ಬಂದವಳು, ಅದಕ್ಕೇ ಊರಿಗೆಲ್ಲ ಕ್ಯಾಂಪಿನಕ್ಕ. ಗಂಡ ಹೊಳೆಗೆ ಬಲೆ ಹಾಕುತ್ತಿದ್ದ, ಇವಳು ಬುಟ್ಟಿ ಹೊತ್ತು ಮಾರುತ್ತಿದ್ದಳು. ನಮ್ಮ ಲಿಂಗವಂತರ ಓಣಿಗೆ ಆ ಬುಟ್ಟಿ ಬರುವಂತಿರಲಿಲ್ಲ. ಅದನ್ನು ಮನೆಯಲ್ಲಿಟ್ಟು, ಕೈಕಾಲು ತೊಳೆದು, ನನ್ನ ಅಜ್ಜಿಯ ಹತ್ತಿರ ಬರುತ್ತಿದ್ದಳು. ಊರಿನ ಮದುವೆ ಗೋಡೆಗಳನ್ನೆಲ್ಲ ಬರೆದವಳು ಅಜ್ಜಿ. ಬಾಗಿಲ ಎರಡೂ ಬದಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಸುಣ್ಣದಲ್ಲಿ ಆನೆ, ಗಿಳಿ, ಕಳಸ. ಕಣ್ಣಿಗೆ ಪೊರೆ ಬಂದು ಅವಳ ಕೈ ನಿಂತಿತ್ತು. ಸ್ವಂತ ಸೊಸೆಯಂದಿರಿಗೆ ಬೇಡವಾದ ವಿದ್ಯೆಯನ್ನು ಈ ಹೊರಗಿನವಳು ಬೆನ್ನುಬಿದ್ದು ಕಲಿತಳು. ಅಜ್ಜಿ ಬಾಯಲ್ಲಿ ಗೆರೆ ಹೇಳುತ್ತಿದ್ದಳು, ಅವಳು ಎಳೆಯುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ನನ್ನ ಮದುವೆ ಗೊತ್ತಾಯಿತು. ಗೋಡೆಯನ್ನು ಕ್ಯಾಂಪಿನಕ್ಕನೇ ಬರೆಯಬೇಕೆಂದು ಅಜ್ಜಿ ಹಟ ಹಿಡಿದಳು. ದೊಡ್ಡಪ್ಪ ಕೆಂಡವಾದ.

"ಮೀನು ಮಾರೋ ಕೈಲೆ ಮದುವಿ ಗ್ವಾಡಿ ಬರ್ಸಬೇಕನು? ಬೀಗರು ಏನಂದಾರು?"

ಅಜ್ಜಿ ಜಗ್ಗಲಿಲ್ಲ. ಕೊನೆಗೆ ದೊಡ್ಡಪ್ಪ ಒಂದು ಮಾತಿನ ಮೇಲೆ ಒಪ್ಪಿದ. ಬೀಗರು ಮೆಚ್ಚಿದರೆ ಸರಿ, ಮುಖ ಸಿಂಡರಿಸಿದರೆ ಇನ್ನುಮುಂದೆ ಅವಳು ಈ ಓಣಿಯ ಯಾವ ಗೋಡೆಯನ್ನೂ ಮುಟ್ಟಕೂಡದು.

ಪಾಪ, ಊಟದ ಪರಿವೆಯಿಲ್ಲದೆ ಬರೆದಳು. ಅರಿಷಿಣ ಹಚ್ಚಿಸಿಕೊಂಡು ಕೂತಿದ್ದ ನಾನು ಕಿಟಕಿಯಿಂದ ನೋಡುತ್ತಿದ್ದೆ. ಆನೆ ಅಂದರೆ ಎಂಥಾ ಆನೆ! ಬೀಗರ ಟೆಂಪೋ ಊರ ಹತ್ತಿರ ಬಂತೆಂದು ಸುದ್ದಿ ಬಂದಾಗ ದೊಡ್ಡಪ್ಪ ಗೋಡೆ ನೋಡಲು ಹೊರಗೆ ಹೋದ. ಹೋದವನು ಕಿರುಚಿದ. ಆನೆಯ ಕಾಲ ಬಳಿ ಒಂದು ಜೋಡಿ ಮೀನು, ಮೂತಿಗೆ ಮೂತಿ ತಾಗಿಸಿಕೊಂಡಿದ್ದವು.

"ನಮ್ ಕಡಿ ಮೀನಿಲ್ದ ಮದುವಿ ಇಲ್ರಿ... ಹುಡುಗಿಗೆ ಒಳ್ಳೇದಾಗ್ಲಿ ಅಂತ ಬರ್ದೆ," ಎಂದಳು ಕ್ಯಾಂಪಿನಕ್ಕ.

ದೊಡ್ಡಪ್ಪ ಒದ್ದೆ ಬಟ್ಟೆ ತಂದ. "ಮುಟ್ಟಬ್ಯಾಡ!" ಎಂದು ಅಜ್ಜಿ ಗದರಿದಳು. ಬರೆದ ಮದುವೆ ಗೋಡೆಯನ್ನು ವರ್ಷ ತುಂಬುವ ತನಕ ನಮ್ಮ ಮನೆತನದಲ್ಲಿ ಒರೆಸುವುದಿಲ್ಲ, ಒರೆಸಿದರೆ ಮದುಮಗಳಿಗೆ ಕೇಡು. ಮೀನು ಮಾಂಸ ಮುಟ್ಟದ ಮನೆಯ ಗೋಡೆಗೆ ಮೀನು. ಬಿಟ್ಟರೆ ಅವಮಾನ, ಒರೆಸಿದರೆ ಅಪಶಕುನ.

ಅಷ್ಟರಲ್ಲಿ ಬೀಗರು ಬಂದೇಬಿಟ್ಟರು. ಒಳಗೆ ಕಾಲಿಡುವ ಮೊದಲು ಗಂಡಿನ ತಾಯಿ ಗೋಡೆಗೆ ಕುಂಕುಮ ಹಚ್ಚಬೇಕು, ಅದು ಪದ್ಧತಿ. ನನಗೆ ಅತ್ತೆಯಾಗುವವರು ಆನೆಯ ಹಣೆಗೆ ಹಚ್ಚಿದರು. ಕಳಸಕ್ಕೆ ಹಚ್ಚಿದರು. ಬಗ್ಗಿದರು. ಬೆರಳು ಅಲ್ಲೇ ನಿಂತಿತು.

"ಇದೇನ್ರೀ... ಮೀನಾ? ಯಾರು ಬರ್ದಾರ ಇದನ್ನ?"

ವಾಲಗ ನಿಂತುಹೋಯಿತು. ಕ್ಯಾಂಪಿನಕ್ಕ ಕಂಬದ ಹಿಂದೆ ಸರಿದಳು.

"ನಾನೇ ಬರ್ಸೀನವ್ವ," ಎಂದಳು ಅಜ್ಜಿ. "ಹೊಳಿ ದಂಡಿ ಮನಿತನ ನಮ್ದು. ನಮ್ಮತ್ತಿ ಕಾಲದಿಂದ ಹಿಂಗೇ ಐತಿ."

ಹಸಿ ಹಸಿ ಸುಳ್ಳು! ಅಜ್ಜಿಯ ಅತ್ತೆ ಮೀನಿನ ಹೆಸರೆತ್ತಿದರೆ ಬಾಯಿ ತೊಳೆಯುತ್ತಿದ್ದಳಂತೆ. ದೊಡ್ಡಪ್ಪ ತೆರೆದ ಬಾಯಿ ಮುಚ್ಚಿಕೊಂಡ. ಅತ್ತೆ ಅಜ್ಜಿಯ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಎರಡೂ ಮೀನಿಗೆ ಕುಂಕುಮ ಹಚ್ಚಿ ಒಳಗೆ ಬಂದರು. ನನಗೆ ಅಳು ತಡೆಯಲಾಗಲಿಲ್ಲ.

ಅಜ್ಜಿ ಮರುವರ್ಷ ತೀರಿಹೋದಳು. ಕ್ಯಾಂಪಿನಕ್ಕ ನಮ್ಮ ಹಡಗಲಿ ಸೀಮೆಯ ಊರೂರಿನ ಮದುವೆ ಗೋಡೆ ಬರೆದಳು. ಕೆಲವು ವರ್ಷಗಳ ನಂತರ ನನ್ನ ನಾದಿನಿಯ ಮದುವೆಗೆ ಹರಪನಹಳ್ಳಿಯ ಗಂಡನ ಮನೆಗೂ ಕರೆಸಿದೆ. ಆನೆ ಮುಗಿದ ಮೇಲೆ, "ಮೀನು ಬರಿ ಅಕ್ಕ," ಎಂದೆ.

"ಬ್ಯಾಡವ್ವ. ಆವತ್ತಿನ ಮ್ಯಾಲೆ ಎಲ್ಲೂ ಬರ್ದಿಲ್ಲ. ಆವತ್ತು ಅಜ್ಜಿ ಇದ್ರು. ಈಗ ನನ್ನ ಸಲುವಾಗಿ ಸುಳ್ಳು ಹೇಳೋರು ಯಾರದಾರ?"

"ನಾನದೀನಲ್ಲ!"

ಅವಳು ನಕ್ಕಳು. ಪಡಸಾಲೆಯಲ್ಲಿ ಕೂತಿದ್ದ ಅತ್ತೆಯ ಕಡೆ ಕಣ್ಣು ಹಾಯಿಸಿ, "ನೀನಿನ್ನೂ ಸೊಸಿ," ಎಂದಳು.

ಗಂಡ ತೀರಿಕೊಂಡ ಮೇಲೆ ಕ್ಯಾಂಪಿಗೆ ಮರಳಿದಳಂತೆ, ಅಲ್ಲೇ ಜೀವ ಬಿಟ್ಟಳಂತೆ... ಸುದ್ದಿ ನನಗೆ ಮುಟ್ಟಿದ್ದು ಬಹಳ ತಡವಾಗಿ. ಈಗ ಅತ್ತೆ ಇಲ್ಲ, ಈ ಮನೆಗೆ ನಾನೇ ಹಿರಿಯಳು, ನನಗೆ ಎದುರಾಡುವವರಿಲ್ಲ. ಬರುವ ತಿಂಗಳು ಮಗಳ ಮದುವೆ. ಬೀಗರು ಏನೇ ಕೇಳಲಿ, ಎದೆ ಕೊಟ್ಟು ಸುಳ್ಳು ಹೇಳಬಲ್ಲೆ. ಬರೆಯುವವಳಿಲ್ಲ.